‘ಕಳ್ಳ’ ಅಂದರೆ ಯಾರು? ಲ್ಯಾಟಿನ್‌ನ ‘ಲಾತ್ರೋ’ದಿಂದ ‘ಮಕ್ಕಳ ಕಳ್ಳರ’ ಫಾರ್ವರ್ಡ್‌ವರೆಗೆ

ಬೆಳಗಾವಿಯಲ್ಲಿ ಅಜ್ಜಿ ಮೊಮ್ಮಗನನ್ನು ‘ಏ ಕಳ್ಳ, ಎಲ್ಲಿ ಹೋಗಿದ್ದಿ?’ ಎಂದು ಕರೆದರೆ ಅದು ಮುದ್ದು. ಇಲ್ಲದ ಕಾಯಿಲೆ ಹೇಳಿ ಕೆಲಸ ತಪ್ಪಿಸುವವನು ‘ಮೈಗಳ್ಳ’. ಅಂಗಿಯ ಒಳಗೆ ಯಾರಿಗೂ ಕಾಣದಂತೆ ಹೊಲಿಸಿದ್ದು ‘ಕಳ್ಳಕಿಸೆ’. ಈ ಮೂರರಲ್ಲೂ ಯಾರ ವಸ್ತುವೂ ಕಳವಾಗಿಲ್ಲ. ಆದರೆ ‘ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ, ಎಲ್ಲರಿಗೂ ಶೇರ್ ಮಾಡಿ’ ಎಂಬ ಒಂದು ಸಾಲು ಮೊಬೈಲಿಗೆ ಬಂದರೆ, ಅದೇ ಪದ ಒಬ್ಬ ದಾರಿಹೋಕನ ಪ್ರಾಣ ತೆಗೆಯಬಹುದು. ಕರ್ನಾಟಕದಲ್ಲೂ ಗಡಿಯಾಚೆಯ ಮಹಾರಾಷ್ಟ್ರದಲ್ಲೂ ಹಾಗೆ ಆಗಿದೆ.

ಹಾಗಾದರೆ ‘ಕಳ್ಳ’ ಎಂಬ ಪದಕ್ಕೆ ಎಷ್ಟು ಅರ್ಥ? ಬೇರೆ ಭಾಷೆಗಳಲ್ಲೂ ಹೀಗೇನಾ? ಪದದ ಬಗ್ಗೆ ಹರಿದಾಡುವ ನಂಬಿಕೆಗಳಲ್ಲಿ ಯಾವುದು ನಿಜ? ಈ ಲೇಖನದಲ್ಲಿ ನಾವು ನೋಡುವುದು ಇದನ್ನೇ.

ಚುಟುಕಾಗಿ ಹೇಳುವುದಾದರೆ

• ಯುರೋಪಿನ ಲ್ಯಾಟಿನ್ ಮೂಲದ ಭಾಷೆಗಳಲ್ಲಿ ಕಳ್ಳನಿಗಿರುವ ಹಳೆಯ ಪದ ಪ್ಲಗ್, ನೀರಿನ ಪೈಪು, ಗಿಡದ ಚಿಗುರು, ಮೇಣದಬತ್ತಿಯ ಬತ್ತಿಯಿಂದ ಕಳಚಿದ ಚೂರಿಗೂ ಹೆಸರಾಗಿದೆ.
• ಕನ್ನಡದ ‘ಕಳ್ಳ’, ಮರಾಠಿ–ಕೊಂಕಣಿಯ ‘ಚೋರ’ ಪದಗಳಿಗೂ ಕದಿಯುವುದಕ್ಕೆ ಸಂಬಂಧವಿಲ್ಲದ ಹಲವು ಬಳಕೆಗಳಿವೆ.
• ವಸ್ತುವಿಗೆ ಈ ಹೆಸರಿಟ್ಟರೆ ನಷ್ಟವಿಲ್ಲ. ಮನುಷ್ಯನಿಗೆ, ಅದರಲ್ಲೂ ಒಂದು ಸಮುದಾಯಕ್ಕೆ ಅಥವಾ ಅಪರಿಚಿತನಿಗೆ ಇಟ್ಟರೆ, ಕಳ್ಳತನ ನಡೆಯುವ ಮೊದಲೇ ಶಿಕ್ಷೆ ಶುರುವಾಗುತ್ತದೆ.

‘ಲಾತ್ರೋ’: ಪಗಾರದ ಸಿಪಾಯಿ ಕಳ್ಳನಾದದ್ದು ಹೇಗೆ?

ಪೋರ್ಚುಗೀಸಿನಲ್ಲಿ ಕಳ್ಳನಿಗೆ ‘ಲದ್ರಾಂವ್’, ಸ್ಪ್ಯಾನಿಶ್‌ನಲ್ಲಿ ‘ಲದ್ರೋನ್’, ಇಟಾಲಿಯನ್‌ನಲ್ಲಿ ‘ಲಾದ್ರೋ’, ಹಳೆಯ ಫ್ರೆಂಚ್‌ನಲ್ಲಿ ‘ಲಾರೋಂ’ ಎನ್ನುತ್ತಾರೆ. ನಾಲ್ಕಕ್ಕೂ ತಾಯಿ ಒಂದೇ, ಲ್ಯಾಟಿನ್‌ನ ‘ಲಾತ್ರೋ’.

ವಿಚಿತ್ರವೆಂದರೆ ಲಾತ್ರೋ ಮೊದಲು ಕಳ್ಳನಲ್ಲ. ಹಳೆಯ ಲ್ಯಾಟಿನ್‌ನಲ್ಲಿ ಆತ ಹಣಕ್ಕೆ ಕಾದಾಡುವ ಬಾಡಿಗೆ ಸಿಪಾಯಿ. ಕೂಲಿ, ಸಂಬಳ ಎಂಬ ಅರ್ಥದ ಗ್ರೀಕ್ ಪದದೊಂದಿಗೆ ಇದಕ್ಕೆ ನಂಟಿದೆ. ಯುದ್ಧ ಮುಗಿದು ಸಂಬಳ ನಿಂತ ಮೇಲೆ ಕೈಯಲ್ಲಿ ಆಯುಧ, ಹೊಟ್ಟೆಯಲ್ಲಿ ಹಸಿವು ಇರುವ ಸಿಪಾಯಿ ಏನು ಮಾಡುತ್ತಾನೆ? ದಾರಿ ಕಾಯುತ್ತಾನೆ. ಕ್ರಮೇಣ ಲಾತ್ರೋ ಎಂದರೆ ದಾರಿಗಳ್ಳ ಎಂದಾಯಿತು, ಸಿಪಾಯಿ ಎಂಬ ಅರ್ಥ ಮರೆತೇಹೋಯಿತು.

ನಮ್ಮ ಭಾಗದವರಿಗೆ ಇದು ಹೊಸ ಕಥೆಯೇನಲ್ಲ. 18ನೇ ಶತಮಾನದಲ್ಲಿ ಮರಾಠಾ ಸೈನ್ಯಗಳ ಜೊತೆ ಪಿಂಡಾರಿ ಕುದುರೆ ಸವಾರರು ಇರುತ್ತಿದ್ದರು. ಅವರಿಗೆ ನಿಗದಿತ ಸಂಬಳವಿರಲಿಲ್ಲ, ಲೂಟಿಯೇ ಸಂಬಳ. 1817–18ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅವರ ಮೇಲೆ ಯುದ್ಧ ಸಾರಿ ಅವರ ಗುಂಪುಗಳನ್ನು ಒಡೆಯಿತು. ಅದೇ ವೇಳೆ ಮರಾಠರ ವಿರುದ್ಧದ ಯುದ್ಧದಲ್ಲಿ, 1818ರ ಏಪ್ರಿಲ್‌ನಲ್ಲಿ, ಬೆಳಗಾವಿ ಕೋಟೆ ಜನರಲ್ ಮನ್ರೋ ಕೈ ಸೇರಿತು. ಇಂದು ‘ಪಿಂಡಾರಿ’ ಎಂದರೆ ಯಾರಿಗೂ ಸೈನ್ಯ ನೆನಪಾಗುವುದಿಲ್ಲ, ಕೊಳ್ಳೆ ನೆನಪಾಗುತ್ತದೆ. ಲಾತ್ರೋಗೆ ಸಂಬಳವಿತ್ತು, ಪಿಂಡಾರಿಗೆ ಇರಲಿಲ್ಲ. ಆದರೂ ಎರಡೂ ಪದಗಳು ಸೇರಿದ್ದು ಒಂದೇ ಕಡೆ.

ಪ್ಲಗ್ಗೂ ಕಳ್ಳ, ಪೈಪೂ ಕಳ್ಳ

ಲಾತ್ರೋದ ಮಕ್ಕಳು ಮನುಷ್ಯರನ್ನು ಬಿಟ್ಟು ವಸ್ತುಗಳ ಕಡೆ ತಿರುಗಿದ್ದು ಇನ್ನೂ ಸ್ವಾರಸ್ಯ.

ಪ್ಲಗ್: ಒಂದೇ ಸಾಕೆಟ್‌ಗೆ ಮೂರು–ನಾಲ್ಕು ಪ್ಲಗ್ ಚುಚ್ಚಲು ನಾವು ಬಳಸುವ ಮಲ್ಟಿಪ್ಲಗ್‌ಗೆ ಸ್ಪೇನ್‌ನಲ್ಲಿ ‘ಲದ್ರೋನ್’ ಎನ್ನುತ್ತಾರೆ. ಒಂದು ಕಡೆಯ ಕರೆಂಟನ್ನು ಹಲವು ಕಡೆ ಎಳೆದುಕೊಳ್ಳುತ್ತದಲ್ಲ, ಅದಕ್ಕೆ. ಇಲ್ಲಿ ಒಂದು ಎಚ್ಚರಿಕೆ: 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ತಡೆಯುವುದು ಸುಮಾರು 1,380 ವ್ಯಾಟ್ ಮಾತ್ರ. 1,000 ವ್ಯಾಟ್‌ನ ಇಸ್ತ್ರಿ ಪೆಟ್ಟಿಗೆ, ಜೊತೆಗೆ ನೀರು ಕಾಯಿಸುವ ಕಾಯಿಲ್ ಎರಡನ್ನೂ ಒಂದೇ ಮಲ್ಟಿಪ್ಲಗ್‌ಗೆ ಹಾಕಿದರೆ ವೈರ್ ಕಾದು ಬೆಂಕಿ ಹತ್ತಬಹುದು.

ಕಾಲುವೆ: ಹೊಳೆ ಅಥವಾ ಕಾಲುವೆಯ ನೀರನ್ನು ಪಕ್ಕಕ್ಕೆ ಹರಿಸಲು ದಂಡೆಯಲ್ಲಿ ಬಿಡುವ ಕಿಂಡಿಯೂ ಸ್ಪ್ಯಾನಿಶ್‌ನಲ್ಲಿ ಲದ್ರೋನ್.

ನೀರಿನ ಟಾಕಿ: ಬ್ರೆಜಿಲ್‌ನ ಪೋರ್ಚುಗೀಸಿನಲ್ಲಿ, ಟಾಕಿ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹೋಗುವ ಪೈಪಿಗೆ ‘ಲದ್ರಾಂವ್’ ಎನ್ನುತ್ತಾರೆ. ನಿಮ್ಮ ಮನೆಯ ಟಾಕಿಗೂ ಈ ಪೈಪು ಇದ್ದರೆ ಅದರ ಬಾಯಿಗೆ ಸಣ್ಣ ಜಾಳಿಗೆ ಕಟ್ಟಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಟಾಕಿಯ ತಿಳಿನೀರು ಇಷ್ಟ, ಒಳಗೆ ಹೋಗಲು ಅಷ್ಟು ದಾರಿ ಸಾಕು.

ಚಿಗುರು: ಬ್ರೆಜಿಲ್‌ನ ಕಾಫಿ ತೋಟಗಳಲ್ಲಿ ಫಲ ಕೊಡದೆ ಗಿಡದ ಸತ್ವ ಹೀರುವ ಚಿಗುರಿಗೂ ಇದೇ ಹೆಸರು. ಕಸಿ ಮಾಡಿದ ಮಾವಿನ ಗಿಡದಲ್ಲಿ ಕಸಿಗಂಟಿನ ಕೆಳಗಿನಿಂದ ಏಳುವ ಚಿಗುರನ್ನು ನಮ್ಮ ರೈತರು ಚಿವುಟಿ ಹಾಕುವುದೂ ಇದೇ ಕಾರಣಕ್ಕೆ.

ಮೇಣದಬತ್ತಿ: ಉರಿಯುವ ಬತ್ತಿಯ ಚೂರೊಂದು ಕಳಚಿ ಮೇಣಕ್ಕೆ ಅಂಟಿಕೊಂಡರೆ ಆ ಕಡೆಯ ಮೇಣ ಸುಮ್ಮನೆ ಕರಗಿ ಹರಿದುಹೋಗುತ್ತದೆ. ಆ ಚೂರಿಗೂ ಸ್ಪ್ಯಾನಿಶ್‌ನಲ್ಲಿ ಲದ್ರೋನ್ ಎಂದೇ ಹೆಸರು.

ಇವೆಲ್ಲಕ್ಕೂ ಇರುವ ಸಾಮಾನ್ಯ ಗುಣ ಒಂದೇ: ಮುಖ್ಯ ದಾರಿ ಬಿಟ್ಟು ಪಕ್ಕದಲ್ಲಿ ಪಾಲು ಎಳೆದುಕೊಳ್ಳುವುದು. ಪ್ಲಗ್ಗಿಗೆ ಕಳ್ಳ ಎಂದರೆ ಪ್ಲಗ್ಗಿಗೆ ನೋವಿಲ್ಲ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಚಾವಿ ಬಂತು, ಲದ್ರಾಂವ್ ಬರಲಿಲ್ಲ

ಖಾನಾಪುರ ತಾಲ್ಲೂಕಿನ ಪಶ್ಚಿಮಕ್ಕೆ ಗೋವಾ. ಅಲ್ಲಿ 1510ರಿಂದ 1961ರವರೆಗೆ ಪೋರ್ಚುಗೀಸರ ಆಳ್ವಿಕೆ ಇತ್ತು. ಘಟ್ಟ ಹತ್ತಿ ಬಂದ ಪೋರ್ಚುಗೀಸ್ ಪದಗಳನ್ನು ನಾವು ದಿನವೂ ಬಳಸುತ್ತೇವೆ. ಚಾವಿ, ಪಗಾರ, ಬಟಾಟಿ, ಪಾವ್, ಮೇಜು, ಪಾದ್ರಿ ಎಲ್ಲವೂ ಅಲ್ಲಿಂದ ಬಂದವು. ಹರಾಜಿಗೆ ಉತ್ತರ ಕರ್ನಾಟಕದಲ್ಲಿ ಹೇಳುವ ‘ಲಿಲಾವು’ ಕೂಡ ಪೋರ್ಚುಗೀಸಿನದೇ. ಆದರೆ ‘ಲದ್ರಾಂವ್’ ಬೆಳಗಾವಿ ಕನ್ನಡಕ್ಕೆ ಬರಲಿಲ್ಲ. ಹೊಸ ವಸ್ತು, ಹೊಸ ವ್ಯವಹಾರ ಬಂದಾಗ ಅದರ ಹೆಸರೂ ಬರುತ್ತದೆ. ಕಳ್ಳನಿಗೆ ಮಾತ್ರ ಇಲ್ಲಿ ಮೊದಲಿನಿಂದಲೂ ಎರಡು ಹೆಸರಿದ್ದವು. ಒಂದು ದ್ರಾವಿಡ ಮೂಲದ ‘ಕಳ್ಳ’. ಇನ್ನೊಂದು ಸಂಸ್ಕೃತದಿಂದ ಬಂದು ಮರಾಠಿ, ಕೊಂಕಣಿ, ಹಿಂದಿ, ಉರ್ದು ಎಲ್ಲದರಲ್ಲೂ ಇರುವ ‘ಚೋರ’ ಅಥವಾ ‘ಚೋರ್’.

ಈ ಎರಡೂ ಪದಗಳ ಬಳಕೆಯನ್ನು ಹೀಗೆ ವಿಂಗಡಿಸಬಹುದು.

ಕಾಣದ್ದು: ಕಳ್ಳಕಿಸೆ, ಕಳ್ಳದಾರಿ, ಕಳ್ಳಹೆಜ್ಜೆ, ಕಳ್ಳನೋಟ, ಕೋಟೆಯ ಕಳ್ಳಗಂಡಿ. ಮರಾಠಿಯಲ್ಲಿ ಪೆಟ್ಟಿಗೆಯ ಗುಪ್ತ ಖಾನೆಗೆ ‘ಚೋರಕಪ್ಪಾ’, ಒಳದಾರಿಗೆ ‘ಚೋರವಾಟ’. ಇಲ್ಲಿ ಕಳ್ಳ ಎಂದರೆ ‘ಮರೆಯಾದ’ ಎಂದಷ್ಟೇ. ಕಳ್ಳಕಿಸೆ ಇರುವುದೇ ಕಳ್ಳರಿಂದ ಹಣ ಕಾಪಾಡಲು!

ಪರವಾನಗಿ ಇಲ್ಲದ್ದು, ನಕಲಿ: ಕಳ್ಳನೋಟು, ಕಳ್ಳಬಟ್ಟಿ, ಕಳ್ಳಸಾಗಣೆ, ಕಳ್ಳಬೇಟೆ. ಖಾನಾಪುರದ ಭೀಮಗಡ ವನ್ಯಜೀವಿಧಾಮದಲ್ಲಿ ಪ್ರಾಣಿ ಹೊಡೆದರೆ ಅದು ಕಳ್ಳಬೇಟೆ. ಗೋವಾದಲ್ಲಿ ಮದ್ಯದ ಮೇಲಿನ ತೆರಿಗೆ ಕಡಿಮೆ ಇರುವುದರಿಂದ ಗಡಿ ದಾಟಿಸಿ ತರುವುದು ಕಳ್ಳಸಾಗಣೆ.

ತನ್ನ ಪಾಲಿನ ಕೆಲಸ ತಪ್ಪಿಸುವುದು: ಮೈಗಳ್ಳ, ಕೆಲಸಗಳ್ಳ. ಮೈ + ಕಳ್ಳ ಸೇರಿದಾಗ ‘ಕ’ಕಾರ ‘ಗ’ಕಾರವಾಗುತ್ತದೆ, ಶಾಲೆಯಲ್ಲಿ ಕಲಿತ ಆದೇಶ ಸಂಧಿ.

ಪ್ರೀತಿ: ಬೆಣ್ಣೆಗಳ್ಳ ಕೃಷ್ಣ, ಚಿತ್ತಚೋರ, ಅಜ್ಜಿಯ ‘ಏ ಕಳ್ಳ’.

ನಿಜವಾದ ಕಳವು: ಮನೆಗಳ್ಳ, ಸರಗಳ್ಳ, ದನಗಳ್ಳ.

ಇಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ ಒಂದು ಮಾತು. ಕಳ್ಳಸಾಗಣೆ ಮದ್ಯ ಮತ್ತು ಕಳ್ಳಬಟ್ಟಿ ಎರಡೂ ಒಂದೇ ಎಂದುಕೊಳ್ಳುವವರಿದ್ದಾರೆ. ಮೊದಲನೆಯದು ಕಾರ್ಖಾನೆಯಲ್ಲಿ ತಯಾರಾಗಿ ತೆರಿಗೆ ತಪ್ಪಿಸಿದ್ದು. ಎರಡನೆಯದು ಯಾರ ತಪಾಸಣೆಯೂ ಇಲ್ಲದೆ ಕಾಸಿದ್ದು, ಅದರಲ್ಲಿ ಮೆಥನಾಲ್ ಬೆರೆತಿರುವ ಅಪಾಯವಿದೆ. ಮೆಥನಾಲನ್ನು ಬಣ್ಣದಿಂದಾಗಲಿ ರುಚಿಯಿಂದಾಗಲಿ ಗುರುತಿಸಲಾಗದು. ಕುಡಿದ ಹಲವು ಗಂಟೆಗಳ ನಂತರ ವಾಂತಿ, ಹೊಟ್ಟೆನೋವು ಕಾಣಿಸಿಕೊಂಡು ಕಣ್ಣು ಮಂಜಾದರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಚಿಕಿತ್ಸೆ ಇದೆ, ಆದರೆ ತಡವಾದರೆ ದೃಷ್ಟಿ, ಕೆಲವೊಮ್ಮೆ ಜೀವವೇ ಹೋಗುತ್ತದೆ.

ನಂಬಿಕೆ ಮತ್ತು ವಾಸ್ತವ

ನಂಬಿಕೆ 1: ಕಳ್ಳು ಕುಡಿದವನು ಕಳ್ಳನಾಗುತ್ತಾನೆ, ಅದಕ್ಕೇ ಆ ಹೆಸರು.
ವಾಸ್ತವ: ಇಲ್ಲ. ಮರದಿಂದ ಇಳಿಸುವ ‘ಕಳ್ಳು’ ಮತ್ತು ಕದಿಯುವ ‘ಕಳ್ಳ’ ದ್ರಾವಿಡ ಭಾಷೆಗಳಲ್ಲಿ ಬೇರೆ ಬೇರೆ ಮೂಲದ ಪದಗಳು. ಬೇಲಿಗೆ ನೆಡುವ ‘ಕಳ್ಳಿ’ಗೂ ಕಳ್ಳನಿಗೂ ಸಂಬಂಧವಿಲ್ಲ. ‘ಕಳ್ಳೆಕಾಯಿ’ ಅಂತೂ ಕಡಲೆಕಾಯಿಯ ಆಡುಮಾತಿನ ರೂಪ.

ನಂಬಿಕೆ 2: ಕಾಳಸಂತೆ ಎಂದರೆ ಕಳ್ಳರ ಸಂತೆ.
ವಾಸ್ತವ: ಇದರಲ್ಲಿರುವುದು ‘ಕಳ್ಳ’ ಅಲ್ಲ, ಕಪ್ಪು ಎಂಬ ಅರ್ಥದ ‘ಕಾಳ’.

ನಂಬಿಕೆ 3: ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮೂಲಕ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟ್ ಕಳ್ಳರ ಘಾಟ್.
ವಾಸ್ತವ: ಘಾಟ್‌ಗೆ ಹೆಸರು ಬಂದದ್ದು ಅಲ್ಲಿನ ಚೋರ್ಲಾ ಎಂಬ ಹಳ್ಳಿಯಿಂದ. ಎರಡು ಪದಗಳು ಕಿವಿಗೆ ಒಂದೇ ರೀತಿ ಕೇಳಿಸುವುದು ಪುರಾವೆಯಲ್ಲ. ಹೆಸರು ಕೇಳಿ ಊರನ್ನು ಅಳೆಯುವವರು ನಾಳೆ ಹೆಸರು ಕೇಳಿ ಮನುಷ್ಯರನ್ನೂ ಅಳೆಯುತ್ತಾರೆ.

ನಂಬಿಕೆ 4: ಮಗುವನ್ನು ಎತ್ತಿಕೊಂಡು ಹೋಗುವುದು ಕಾನೂನಿನಲ್ಲಿ ಕಳ್ಳತನ.
ವಾಸ್ತವ: ಅಲ್ಲ. ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ ಕಳ್ಳತನ ಎಂದರೆ ಚರ ಸ್ವತ್ತನ್ನು, ಅದು ಯಾರ ಸ್ವಾಧೀನದಲ್ಲಿದೆಯೋ ಅವರ ಒಪ್ಪಿಗೆ ಇಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಕದಲಿಸುವುದು. ಮಗು ಸ್ವತ್ತಲ್ಲ. ಅದು ಅಪಹರಣ, ಅದಕ್ಕೆ 137ನೇ ಕಲಮು ಬೇರೆಯೇ ಇದೆ, ಶಿಕ್ಷೆಯೂ ಹೆಚ್ಚು. ಅಂದರೆ ‘ಮಕ್ಕಳ ಕಳ್ಳ’ ಎಂಬುದು ಕಾನೂನಿನ ಪುಸ್ತಕದಲ್ಲಿ ಇಲ್ಲದ, ಜನರ ಭಯದಿಂದ ಹುಟ್ಟಿದ ಪದ. ಅಪಹರಣ ನಿಜವಾದ ಅಪರಾಧ, ನಡೆಯುತ್ತದೆ ಕೂಡ. ಆದರೆ ಅದನ್ನು ಸಾಬೀತು ಮಾಡಲು ಠಾಣೆ, ಸಾಕ್ಷಿ, ನ್ಯಾಯಾಲಯ ಬೇಕು. ಕಳ್ಳ ಎಂದು ಕೂಗಲು ಯಾವುದೂ ಬೇಕಿಲ್ಲ.

ಇಡೀ ಜನರಿಗೆ ‘ಕಳ್ಳ’ ಎಂಬ ಹೆಸರು

ಪ್ಲಗ್ಗಿಗೆ ಕಳ್ಳ ಎಂದರೆ ನೋವಿಲ್ಲ ಎಂದೆವು. ಮನುಷ್ಯರಿಗೆ ಅಂದಾಗ ಏನಾಯಿತು ನೋಡಿ.

1521ರ ಮಾರ್ಚ್ 6ರಂದು ಮೆಗಲನ್‌ನ ಸ್ಪೇನಿನ ಹಡಗುಗಳು ಪೆಸಿಫಿಕ್ ಸಾಗರವನ್ನು ದಾಟಿ, ಹಸಿವಿನಿಂದ ಕಂಗೆಟ್ಟು, ಗುವಾಮ್ ದ್ವೀಪ ಮುಟ್ಟಿದವು. ಅಲ್ಲಿನ ಚಮೊರೊ ಜನ ಹಡಗು ಹತ್ತಿ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡರು, ಒಂದು ಸಣ್ಣ ದೋಣಿಯನ್ನೂ ಒಯ್ದರು. ಮೆಗಲನ್ ದಡಕ್ಕಿಳಿದು ಮನೆಗಳನ್ನು ಸುಟ್ಟ, 7 ಜನರನ್ನು ಕೊಂದ, ದೋಣಿ ವಾಪಸ್ ತಂದ. ಆಮೇಲೆ ದ್ವೀಪಗಳಿಗೆ ‘ಇಸ್ಲಾಸ್ ದೆ ಲೋಸ್ ಲದ್ರೋನೆಸ್’, ಅಂದರೆ ಕಳ್ಳರ ದ್ವೀಪಗಳು ಎಂದು ಹೆಸರಿಟ್ಟರು. ಒಂದು ದೋಣಿಗಾಗಿ ಬಂದ ಆ ಹೆಸರು ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. 1668ರಲ್ಲಿ ಸ್ಪೇನ್ ಅದನ್ನು ಮರಿಯಾನಾ ದ್ವೀಪಗಳು ಎಂದು ಬದಲಿಸಿತು. ಹೆಸರಿಟ್ಟದ್ದೂ ಬದಲಿಸಿದ್ದೂ ಹೊರಗಿನವರೇ. ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಮನೆ ಸುಟ್ಟವರಿಗೆ ಮಾತ್ರ ಯಾವ ನಕಾಶೆಯಲ್ಲೂ ಅಂಥ ಹೆಸರು ಬರಲಿಲ್ಲ.

ಯಾರು ಹೆಸರಿಡುತ್ತಾರೆ ಎಂಬುದು ಎಷ್ಟು ಮುಖ್ಯ ಎಂದು ತಿಳಿಯಲು ಗುವಾಮ್‌ವರೆಗೆ ಹೋಗಬೇಕಿಲ್ಲ, ಖಾನಾಪುರ ತಾಲ್ಲೂಕಿನ ನಂದಗಡ ಸಾಕು. ಸಂಗೊಳ್ಳಿ ರಾಯಣ್ಣ ಬೀಡಿಯ ಸರ್ಕಾರಿ ಕಚೇರಿ ಸುಟ್ಟ, ಕಂಪನಿಯ ಖಜಾನೆ ಲೂಟಿ ಮಾಡಿದ. ಕಂಪನಿಯ ಕಾನೂನಿಗೆ ಅದು ಅಪರಾಧ, 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಜನ ಅದೇ ಜಾಗದ ಆಲದ ಮರಕ್ಕೆ ಇಂದಿಗೂ ಹರಕೆಯ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಿಗೆ ಅವನ ಜನರ ನೆನಪಿನ ಬಲವಿತ್ತು.

ಎಲ್ಲರಿಗೂ ಆ ಬಲ ಇರುವುದಿಲ್ಲ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ನಂತರದ ತಿದ್ದುಪಡಿಗಳ ಮೂಲಕ ಅದು ದೇಶದ ಬೇರೆ ಬೇರೆ ಪ್ರಾಂತ್ಯಗಳಿಗೆ ಹರಡಿತು. ಒಂದು ಸಮುದಾಯವನ್ನು ‘ಅಪರಾಧಿ ಬುಡಕಟ್ಟು’ ಎಂದು ಘೋಷಿಸಿದರೆ, ಅದರಲ್ಲಿ ಹುಟ್ಟಿದವರ ಹೆಸರು ಪೊಲೀಸರ ದಾಖಲೆ ಸೇರುತ್ತಿತ್ತು. ಅವರು ಹಾಜರಿ ಹಾಕಬೇಕು, ಊರು ಬಿಡಲು ಪಾಸ್ ಪಡೆಯಬೇಕು. ಏನೂ ಕದಿಯದಿದ್ದರೂ ಸರಿ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದಲ್ಲಿ ಇಂಥವರನ್ನು ಬೇಲಿ ಹಾಕಿದ ವಸತಿಗಳಲ್ಲಿ ಇಡಲಾಗುತ್ತಿತ್ತು. ಹುಬ್ಬಳ್ಳಿ, ಗದಗಗಳಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಕೇಳಿರುತ್ತೀರಿ. ಅದು ಆ ದಿನಗಳ ಗುರುತು.

ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು 5 ವರ್ಷಗಳ ನಂತರ, 1952ರ ಆಗಸ್ಟ್ 31ರಂದು. ವಿಮುಕ್ತ ಸಮುದಾಯಗಳು ಆ ದಿನವನ್ನು ತಮ್ಮ ಬಿಡುಗಡೆಯ ದಿನವಾಗಿ ಆಚರಿಸುತ್ತವೆ. ಆದರೆ ಹೆಸರು? ಉತ್ತರ ಕರ್ನಾಟಕದಲ್ಲಿ ಇಂದಿಗೂ ‘ಗಂಟಿಚೋರ್’ ಎಂಬ ಸಮುದಾಯವಿದೆ. ಗಂಟು ಕದಿಯುವವರು ಎಂಬ ಅರ್ಥದ ಈ ಪದವೇ ಅವರ ಜಾತಿಯ ಹೆಸರು. ಶಾಲೆಗೆ ಸೇರುವ ಮಗು ಏನೂ ಮಾಡುವ ಮೊದಲೇ ಅದರ ಹೆಸರಿನ ಪಕ್ಕ ‘ಚೋರ್’ ಎಂದು ಬರೆಯಬೇಕಾಗುತ್ತದೆ. ಅಜ್ಜಿಯ ಬಾಯಲ್ಲಿ ಮುದ್ದಾಗಿದ್ದ ಪದ ಅರ್ಜಿಯ ಕಾಲಂನಲ್ಲಿ ಏನಾಗಬಹುದು ಎಂದು ಯೋಚಿಸಿ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಜೈಲುಗಳಲ್ಲಿನ ಜಾತಿ ತಾರತಮ್ಯದ ಕುರಿತ ತೀರ್ಪಿನಲ್ಲಿ, ವಿಮುಕ್ತ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳಂತೆ ಕಾಣುವ ಜೈಲು ನಿಯಮಗಳನ್ನು ತಳ್ಳಿಹಾಕಿತು. ಕಾಯ್ದೆ ಸತ್ತು 72 ವರ್ಷಗಳ ನಂತರವೂ ಹೀಗೆ ಹೇಳಬೇಕಾಗಿ ಬಂತು.

ಮೊಬೈಲಿಗೆ ಬಂದ ‘ಮಕ್ಕಳ ಕಳ್ಳರು’

ಹಿಂದೆ ಹೆಸರಿಡಲು ಸರ್ಕಾರದ ಗೆಜೆಟ್ ಬೇಕಿತ್ತು. ಈಗ ಒಂದು ಮೊಬೈಲ್ ಸಾಕು.

2018ರಲ್ಲಿ ದೇಶದ ಹಲವೆಡೆ ಒಂದು ವಿಡಿಯೊ ಹರಿದಾಡಿತು. ಬೈಕ್‌ನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ. ಅದು ಭಾರತದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ಮಾಡಿದ ನಟನೆಯ ವಿಡಿಯೊ. ಮೂಲ ವಿಡಿಯೊದ ಕೊನೆಯಲ್ಲಿ ಆ ಇಬ್ಬರೂ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಫಾರ್ವರ್ಡ್ ಮಾಡಿದವರು ಆ ಕೊನೆಯ ಭಾಗವನ್ನು ಕತ್ತರಿಸಿದ್ದರು.

ಅಂಥ ಸಂದೇಶಗಳ ಆ ವರ್ಷದ ಫಲ ಇದು:

• ಮೇ 23, ಬೆಂಗಳೂರಿನ ಚಾಮರಾಜಪೇಟೆ: ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ 26 ವರ್ಷದ ಯುವಕನನ್ನು ಜನ ಹೊಡೆದು ಕೊಂದರು.
• ಜುಲೈ 1, ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾ: ಭಿಕ್ಷೆಗೆ ಬಂದಿದ್ದ ಅಲೆಮಾರಿ ಗೋಸಾವಿ ಸಮುದಾಯದ 5 ಜನರನ್ನು ಗ್ರಾಮ ಪಂಚಾಯಿತಿ ಕಚೇರಿಯೊಳಗೆ ಹಾಕಿ ಹೊಡೆದು ಕೊಂದರು. ಅವರಲ್ಲಿ ಹೆಚ್ಚಿನವರ ಊರು ಕರ್ನಾಟಕಕ್ಕೆ ಅಂಟಿಕೊಂಡ ಸೋಲಾಪುರ ಜಿಲ್ಲೆಯಲ್ಲಿ.
• ಜುಲೈ 13, ಬೀದರ್ ಜಿಲ್ಲೆಯ ಮುರ್ಕಿ: ಹೈದರಾಬಾದಿನಿಂದ ಬಂದಿದ್ದ ಗೆಳೆಯರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಅವರ ವಿಡಿಯೊ ವಾಟ್ಸಾಪ್‌ನಲ್ಲಿ ಮುಂದಿನ ಊರಿಗೆ ಅವರಿಗಿಂತ ಮೊದಲು ಮುಟ್ಟಿತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ, ಉಳಿದವರು ಗಾಯಗೊಂಡರು.

ಆ ಕಾಲ ಮುಗಿಯಿತು ಎನ್ನುವಂತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಲ್ಲಿ, ಕನ್ನಡ ಮಾತನಾಡುವವರು ಸಾಕಷ್ಟಿರುವ ಗಡಿ ಭಾಗದಲ್ಲಿ, ವಿಜಯಪುರದ ಕಡೆಯಿಂದ ಪಂಢರಪುರಕ್ಕೆ ಹೊರಟಿದ್ದ ಉತ್ತರ ಪ್ರದೇಶದ 4 ಸಾಧುಗಳು ಒಬ್ಬ ಹುಡುಗನ ಹತ್ತಿರ ದಾರಿ ಕೇಳಿದರು. ಮಕ್ಕಳ ಕಳ್ಳರೆಂದು ಶಂಕಿಸಿ ಜನ ಅವರನ್ನು ಕೋಲುಗಳಿಂದ ಹೊಡೆದರು.

ಸತ್ತವರು, ಪೆಟ್ಟು ತಿಂದವರು ಯಾರು ಎಂದು ಗಮನಿಸಿ. ಕೆಲಸಕ್ಕೆ ಬಂದವರು, ಭಿಕ್ಷೆಗೆ ಬಂದವರು, ಯಾತ್ರೆಗೆ ಹೊರಟವರು, ಸುತ್ತಾಡಲು ಬಂದವರು. ಎಲ್ಲರೂ ಆ ಊರಿಗೆ ಹೊಸಬರು, ಹಲವರು ಬೇರೆ ಭಾಷೆಯವರು. ಕನ್ನಡ, ಮರಾಠಿ, ಕೊಂಕಣಿ, ಉರ್ದು ಒಂದೇ ಬೀದಿಯಲ್ಲಿ ಕೇಳುವ ಬೆಳಗಾವಿಗೆ, ಗೋವಾ–ಮಹಾರಾಷ್ಟ್ರದ ದಾರಿಯಲ್ಲಿರುವ ಖಾನಾಪುರಕ್ಕೆ ದಿನವೂ ಇಂಥ ಹೊಸಬರು ಬರುತ್ತಾರೆ. ನಮ್ಮವರೂ ಬೇರೆ ಊರುಗಳಿಗೆ ಹೀಗೆಯೇ ಹೋಗುತ್ತಾರೆ.

2018ರ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಕಳಿಸುವಂತೆ ಮಿತಿ ತಂದಿತು. 2020ರ ಏಪ್ರಿಲ್‌ನಿಂದ ಹಲವು ಬಾರಿ ಫಾರ್ವರ್ಡ್ ಆದ ಸಂದೇಶವನ್ನು ಒಮ್ಮೆಗೆ 1 ಚಾಟ್‌ಗೆ ಮಾತ್ರ ಕಳಿಸಬಹುದು. ಆದರೂ ಆ ಒಂದು ಚಾಟ್ 500 ಜನರ ಗ್ರೂಪ್ ಆಗಿರಬಹುದು.

ಇಂಥ ಫಾರ್ವರ್ಡ್ ಬಂದರೆ ಏನು ಮಾಡಬೇಕು?

1. ಎರಡು ಬಾಣದ ಗುರುತು ನೋಡಿ. ಎರಡು ಬಾಣ ಇದ್ದರೆ ಅದು ಹಲವು ಕೈ ದಾಟಿ ಬಂದದ್ದು. ನಿಮಗೆ ಕಳಿಸಿದವರು ಕಣ್ಣಾರೆ ಕಂಡವರಲ್ಲ.

2. ಯಾವ ಊರು, ಯಾವ ದಿನ, ಯಾವ ಠಾಣೆ ಎಂದು ಹುಡುಕಿ. ‘ನಮ್ಮ ಏರಿಯಾ’, ‘ನಿನ್ನೆ ರಾತ್ರಿ’ ಎಂದಷ್ಟೇ ಇದ್ದರೆ ಅದು ಯಾವ ಊರಿಗೂ, ಯಾವ ರಾತ್ರಿಗೂ ಹೊಂದುತ್ತದೆ. ಹಾಗೆ ಹೊಂದಲೆಂದೇ ಹಾಗೆ ಬರೆದಿರುತ್ತಾರೆ.

3. ವಿಡಿಯೊ ಏಕಾಏಕಿ ಶುರುವಾಗಿ ಏಕಾಏಕಿ ನಿಂತರೆ ಅನುಮಾನಪಡಿ. ಕತ್ತರಿಸಿದ ಭಾಗದಲ್ಲೇ ಸತ್ಯ ಇರಬಹುದು.

4. ನಿಜವಾಗಿಯೂ ಮಗುವೊಂದು ಅಪಾಯದಲ್ಲಿದೆ ಎನಿಸಿದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಎರಡೂ ಉಚಿತ. ಗ್ರೂಪಿಗೆ ಹಾಕುವುದು ದೂರು ಕೊಟ್ಟಂತಲ್ಲ.

5. ಅಪರಿಚಿತರ ಸುತ್ತ ಜನ ಸೇರುತ್ತಿದ್ದರೆ ನೀವು ಮೊದಲು ಮಾಡಬೇಕಾದ್ದು 112ಕ್ಕೆ ಫೋನ್, ವಿಡಿಯೊ ಅಲ್ಲ. ಅವರ ಭಾಷೆ ಗೊತ್ತಿದ್ದರೆ ಮಾತನಾಡಿಸಿ. ಜತ್ತದ ಸಾಧುಗಳು ಕೇಳಿದ್ದು ದಾರಿಯನ್ನು ಮಾತ್ರ.

6. ಕಾನೂನು ತಿಳಿದಿರಲಿ. ಜನರಲ್ಲಿ ಭಯ ಹುಟ್ಟಿಸುವ ಸುಳ್ಳು ಸುದ್ದಿ ಅಥವಾ ವದಂತಿ ಹರಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮಿನಡಿ 3 ವರ್ಷಗಳವರೆಗೆ ಜೈಲು ಆಗಬಹುದು. ಗುಂಪು ಸೇರಿ ಕೊಂದವರ ಮೇಲೆ ಕೊಲೆ ಪ್ರಕರಣವೇ ದಾಖಲಾಗುತ್ತದೆ, ‘ಎಲ್ಲರೂ ಹೊಡೆಯುತ್ತಿದ್ದರು’ ಎಂಬುದು ನೆಪವಾಗುವುದಿಲ್ಲ.

7. ಗ್ರೂಪಿನಲ್ಲಿ ಸುಳ್ಳು ಎಂದು ಗೊತ್ತಾದ ಮೇಲೆ ಸುಮ್ಮನಿರಬೇಡಿ. ಹಿರಿಯರು ಕಳಿಸಿದ್ದಾದರೂ ‘ಕಾಕಾ, ಇದು ಹಳೆಯ ವಿಡಿಯೊ, ನಮ್ಮ ಊರಿನದಲ್ಲ, ದಯವಿಟ್ಟು ಡಿಲೀಟ್ ಮಾಡ್ರಿ’ ಎಂದು ಮರ್ಯಾದೆಯಿಂದ ಹೇಳಬಹುದು.

ಕೊನೆಯ ಮಾತು

ಪೋರ್ಚುಗೀಸ್, ಸ್ಪ್ಯಾನಿಶ್, ಇಟಾಲಿಯನ್, ಫ್ರೆಂಚ್ ನಾಲ್ಕರಲ್ಲೂ ಒಂದು ಗಾದೆ ಸಮಾನ: ಸಂದರ್ಭವೇ ಕಳ್ಳನನ್ನು ಹುಟ್ಟಿಸುತ್ತದೆ. ಬಾಗಿಲು ತೆರೆದಿದ್ದರೆ ಕಳ್ಳತನವಾಗುತ್ತದೆ ಎಂಬ ಅರ್ಥದಲ್ಲಿ ಅವರು ಅದನ್ನು ಹೇಳುತ್ತಾರೆ. ಮೇಲಿನ ಘಟನೆಗಳಲ್ಲಿ ಬಾಗಿಲು ತೆರೆದಿರಲಿಲ್ಲ, ಏನೂ ಕಳವಾಗಿರಲಿಲ್ಲ. ಅಲ್ಲಿ ಕಳ್ಳನನ್ನು ಹುಟ್ಟಿಸಿದ್ದು ಒಂದು ಫಾರ್ವರ್ಡ್.

ಕನ್ನಡದಲ್ಲಿ ಇನ್ನೊಂದು ಗಾದೆ ಇದೆ: ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಸಾಮಾನ್ಯವಾಗಿ ಇದನ್ನು ಕದಿಯುವವನಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಏನೂ ಕದಿಯದವನ ಹೆಸರಿನ ಮುಂದೆ ‘ಕಳ್ಳ’ ಎಂದು ಬರೆದು ಶೇರ್ ಒತ್ತಲು ಹೊರಟವರಿಗೂ ಅದೇ ಮಾತು ಹೇಳಬೇಕು. ಮಲ್ಟಿಪ್ಲಗ್ಗನ್ನು, ತುಂಬಿ ಹರಿಯುವ ಪೈಪನ್ನು, ಮುದ್ದಿನ ಮೊಮ್ಮಗನನ್ನು ಧಾರಾಳವಾಗಿ ಕಳ್ಳ ಎನ್ನಿ. ಗೊತ್ತಿಲ್ಲದ ಮನುಷ್ಯನನ್ನು ಹಾಗೆನ್ನುವ ಕೆಲಸ ನ್ಯಾಯಾಲಯಕ್ಕೆ ಬಿಡಿ.